ಹಾವು ಕಾಯ್ದ ನಿಯಮಗಳು

ಹಕ್ಕಿಗಳ ಕುಂಟೆಬಿಲ್ಲೆ ಬಳಗವು ಆಟದ ನಿಯಮಗಳನ್ನು ಹಳ್ಳದ ಮರಳಲ್ಲಿ ಬರೆದು, ಒಬ್ಬರದ್ದನ್ನೊಬ್ಬರು ಅಳಿಸಿ ತಿದ್ದುತ್ತಿತ್ತು. ಬಳಗ ನಾಲ್ಕೂರಿಗೆ ಹರಡಿದಾಗ ನಿಯಮಗಳನ್ನು ಆನ್‌ಲೈನಿನಲ್ಲಿ ಇಡಬೇಕಾಯಿತು. ಒಂದು ಆ್ಯಪಿನಲ್ಲಿ ಯಾರು ಬೇಕಾದರೂ ತಿದ್ದಬಹುದಿತ್ತು, ಇನ್ನೊಂದಕ್ಕೆ ಬೀಗವಿತ್ತು. ಗುಬ್ಬಿಯ ಗೀಚಾಟಕ್ಕೆ ಬೇಸತ್ತಿದ್ದ ಕಾಗೆ ಬೀಗದ್ದನ್ನೇ ಆರಿಸಿ, ಪಾಸ್‌ವರ್ಡನ್ನು ನಿಧಿ ಕಾಯುವ ಹಾವಿಗೆ ಒಪ್ಪಿಸಿತು. ತಿದ್ದಲು ಬಂದವರಿಗೆಲ್ಲ ಹಾವು ಬುಸ್ಸೆಂದಿತು. ಒಬ್ಬೊಬ್ಬರೇ ಆಟ ಬಿಟ್ಟರು.

"ನೋಡಿ ಕಾಗಕ್ಕ, ಒಂದಕ್ಷರವೂ ಅಳಿಸಿಹೋಗಿಲ್ಲ!" ಎಂದು ಹಾವು ಹೆಡೆಯೆತ್ತಿತು.

"ಅಳಿಸುವವರೇ ಉಳಿದಿಲ್ಲವಲ್ಲ, ನಾಗಪ್ಪ," ಎಂದ ಕಾಗೆಗೆ ಹಳೆಯ ಗೀಚಾಟ ನೆನಪಾಯಿತು. ಹಳ್ಳಕ್ಕಿಳಿದು, ಮೊದಲ ನಿಯಮವನ್ನು ಮರಳಲ್ಲಿ ಬೇಕೆಂದೇ ತಪ್ಪಾಗಿ ಬರೆಯತೊಡಗಿತು.

ಬರೆದು ಮುಗಿಯುವ ಮೊದಲೇ ಗುಬ್ಬಿ ಹಾರಿ ಬಂತು. "ಅಯ್ಯೋ ಕಾಗಕ್ಕ, ಇಷ್ಟೂ ಮರೆತೆಯಾ? ಅತ್ತ ಸರಿ!" ಎನ್ನುತ್ತ ಎರಡೂ ಕಾಲಲ್ಲಿ ಕೆದರಿ ಅಳಿಸಿತು.