ಕೋವಿಯ ಮೇಲಿನ ದುರ್ಬೀನು

"ಗುರುಗಳೇ, ಇನ್ನೊಬ್ಬರ ತಪ್ಪನ್ನು ಬರಿದೇ ನೋಡುವುದೂ ತಪ್ಪಾಗುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಶಿಷ್ಯನೂ ಎದುರಿಗೆ ಕುಳಿತು ಒಂದು ಹಿಡಿ ಕಾಯಿ ತೆಗೆದುಕೊಂಡ. ತನ್ನ ಪ್ರಶ್ನೆಯನ್ನು ಬಿಡಿಸಿ ಹೇಳಿದ. ಯಾರು ಪ್ರಾರ್ಥನೆಗೆ ತಡವಾಗಿ ಬರುತ್ತಾರೆ, ಯಾರು ಧ್ಯಾನದ ಹೊತ್ತಿನಲ್ಲಿ ತೂಕಡಿಸುತ್ತಾರೆ, ಯಾರು ಅಂಗಳ ಗುಡಿಸದೆ ಗುಡಿಸಿದೆ ಎನ್ನುತ್ತಾರೆ, ಎಲ್ಲವೂ ತನ್ನ ಕಣ್ಣಿಗೆ ಬೀಳುತ್ತದೆ. ತಾನು ಯಾರ ಮೇಲೂ ದೂರು ಹೇಳುವವನಲ್ಲ, ಯಾರನ್ನೂ ಆಡಿಕೊಳ್ಳುವವನಲ್ಲ. ನೋಡುವುದು, ಅಷ್ಟೆ. ಅದರಿಂದ ಯಾರಿಗೆ ಏನು ಕೇಡು?

ಗುರುಗಳು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು. ಆಮೇಲೆ ಈ ಕತೆ ಹೇಳಿದರು.

ಬೆಟ್ಟದ ಬುಡದ ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಹೆಸರು ಬೆಟ್ಟೇಗೌಡ. ಅವನ ಹೊಲ ಹಳ್ಳದ ಈಚೆಯ ದಿಣ್ಣೆಯಲ್ಲಿತ್ತು. ಆಚೆಯ ದಿಣ್ಣೆ ಚೆಲುವಯ್ಯನದು. ಇಬ್ಬರೂ ಕೂಡಿ ಬೆಳೆದವರು. ಚೆಲುವಯ್ಯ ವಯಸ್ಸಿನಲ್ಲಿ ಸ್ವಲ್ಪ ಚಿಕ್ಕವನಾದ್ದರಿಂದ ಬೆಟ್ಟೇಗೌಡನನ್ನು ಅಣ್ಣ ಎನ್ನುತ್ತಿದ್ದ. ಬಿತ್ತನೆಗೂ ಕೊಯ್ಲಿಗೂ ಒಬ್ಬನ ಹೊಲಕ್ಕೆ ಇನ್ನೊಬ್ಬ ಮುಯ್ಯಾಳಾಗಿ ಹೋಗುತ್ತಿದ್ದ. ಅಲ್ಲಿ ಕೂಲಿಯ ಮಾತಿಲ್ಲ. ಇವತ್ತು ನಿನ್ನ ಕೆಲಸ, ನಾಳೆ ನನ್ನ ಕೆಲಸ.

ಗೆಣಸು ಬಲಿಯುವ ಕಾಲಕ್ಕೆ ಬೆಟ್ಟದಿಂದ ಕಾಡುಹಂದಿಗಳು ಇಳಿಯುತ್ತಿದ್ದವು. ಒಂದು ಹಿಂಡು ನುಗ್ಗಿದರೆ ಸಾಕು, ಹೊಲ ಉತ್ತು ಬಿಟ್ಟಂತಾಗುತ್ತಿತ್ತು. ಬೆಳೆ ಕಾಯಲೆಂದು ಬೆಟ್ಟೇಗೌಡನ ಹತ್ತಿರ ಪರವಾನಗಿ ಇದ್ದ ಒಂದು ಕೋವಿಯಿತ್ತು, ತಂದೆಯ ಕಾಲದ್ದು. ನಳಿಕೆಯ ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ, ಗಜದ ಕೋಲಿನಿಂದ ದಟ್ಟಿಸಿ, ಕೊನೆಗೆ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪು ಸಿಕ್ಕಿಸಬೇಕು. ಅದಿಲ್ಲದೆ ಕೋವಿ ಹಾರದು. ಅಷ್ಟೆಲ್ಲ ಮಾಡಿದರೆ ಒಂದು ಈಡು. ಅದು ತಪ್ಪಿದರೆ ಮತ್ತೆ ತುಂಬುವ ಹೊತ್ತಿಗೆ ಹಂದಿ ಬೆಟ್ಟ ಹತ್ತಿರುತ್ತದೆ.

ವಯಸ್ಸಾಗುತ್ತ ಬಂದಂತೆ ಬೆಟ್ಟೇಗೌಡನ ಕಣ್ಣು ಮಂಜಾಯಿತು. ನಳಿಕೆಯ ತುದಿಯ ಗುರಿಮೊಳೆ ಕಂಡರೆ ಹಂದಿ ಮಸುಕು, ಹಂದಿ ಕಂಡರೆ ಮೊಳೆ ಮಸುಕು. ಒಂದು ಸಂಜೆ ಅಂದಾಜಿನ ಮೇಲೆ ಹೊಡೆದುಬಿಟ್ಟ. ಗುಂಡು ಹಂದಿಯ ಹಿಂಗಾಲಿಗೆ ತಗುಲಿತು. ಹಂದಿ ಬೀಳಲಿಲ್ಲ. ನೋವಿನಲ್ಲಿ ಹಳ್ಳ ಹಾರಿ ಆಚೆ ದಿಣ್ಣೆಗೆ ನುಗ್ಗಿ, ಅಲ್ಲಿ ಮೇಯುತ್ತಿದ್ದ ಚೆಲುವಯ್ಯನ ಎತ್ತಿನ ತೊಡೆಯನ್ನು ಕೋರೆಯಿಂದ ಸೀಳಿತು.

ಎತ್ತು ಬದುಕಿತು, ಆದರೆ ಆ ವರ್ಷ ನೊಗಕ್ಕೆ ಬರಲಿಲ್ಲ. ಬೆಟ್ಟೇಗೌಡ ತಲೆ ತಗ್ಗಿಸಿಕೊಂಡು ಹೋಗಿ ನಿಂತ. ಹಂದಿಗೇನು ಗೊತ್ತು ಯಾರ ಎತ್ತು ಎಂದು, ಬಿಡಣ್ಣ ಎಂದು ಚೆಲುವಯ್ಯ ಆ ಮಾತನ್ನು ಅಲ್ಲಿಗೇ ಮುಗಿಸಿದ. ಅವನ ಹೆಂಡತಿ ಸಾಕಮ್ಮ ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟಳು. ಬೆಟ್ಟೇಗೌಡನಿಗೆ ಬೈಸಿಕೊಂಡಿದ್ದರೇ ಹಗುರವಾಗುತ್ತಿತ್ತು. ಇನ್ನು ಮೇಲೆ ಯಾವ ಪ್ರಾಣಿಯನ್ನೂ ಅರೆಜೀವ ಮಾಡಿ ಬಿಡಬಾರದು, ಹೊಡೆದರೆ ಒಂದೇ ಏಟಿಗೆ ಮುಗಿಯಬೇಕು ಎಂದು ನಿಶ್ಚಯಿಸಿ ಪೇಟೆಗೆ ಹೋದ.

ಪೇಟೆಯಲ್ಲಿ ಕೋವಿ ರಿಪೇರಿ ಮಾಡುವವನೊಬ್ಬನಿದ್ದ. ಅವನು ಕೋವಿಯ ಮೇಲೆ ಕೂರಿಸುವ ದುರ್ಬೀನುಗಳನ್ನು ತೆಗೆದು ತೋರಿಸಿದ. ಬೆಟ್ಟೇಗೌಡನ ಕಣ್ಣು ಎಲ್ಲಕ್ಕಿಂತ ದೊಡ್ಡದರ ಮೇಲೆ ಹೋಯಿತು. ಅಂಗಡಿಯ ಬಾಗಿಲಲ್ಲಿ ನಿಂತು ಅದರಲ್ಲಿ ನೋಡಿದರೆ ಬೀದಿಯ ಕೊನೆಯ ಮನೆಯ ಹೆಂಚು ಎಣಿಸಬಹುದಾಗಿತ್ತು. ಎಷ್ಟು ದೂರದಿಂದ ಹೊಡೆಯುತ್ತೀಯ ಎಂದು ಅಂಗಡಿಯವನು ಕೇಳಿದ. ಕವಣೆ ಬೀಸಿದರೆ ಕಲ್ಲು ಬೀಳುವಷ್ಟು ದೂರ ಎಂದ ಬೆಟ್ಟೇಗೌಡ. ಹಾಗಾದರೆ ಇದು ಬೇಡ, ಇದರಲ್ಲಿ ನಿನಗೆ ಹಂದಿಯ ಕೂದಲು ಕಾಣುತ್ತದೆ, ಹಂದಿ ಕಾಣುವುದಿಲ್ಲ ಎಂದು ಹೇಳಿ ಅವನು ಸಣ್ಣದೊಂದನ್ನು ಕೈಗಿತ್ತ. ಈ ಜಾತಿಯ ಕೋವಿ ಜೋರಾಗಿ ಒದೆಯುತ್ತದೆ, ಆದ್ದರಿಂದ ಗಾಜಿಗೂ ಕಣ್ಣಿಗೂ ನಾಲ್ಕು ಬೆರಳಿನ ಅಂತರ ಇರಲಿ, ಇಲ್ಲದಿದ್ದರೆ ಹುಬ್ಬು ಒಡೆಯುತ್ತದೆ ಎಂದ. ದುರ್ಬೀನು ಕೂರುವ ಪೀಠವನ್ನು ನಳಿಕೆಗೆ ಅಲುಗದಂತೆ ಬಿಗಿದು ಕೊಟ್ಟ. ಗುರಿ ಕೂಡಿಸುವ ಕೆಲಸ ಮಾತ್ರ ನೀನೇ ಹೊಲದಲ್ಲಿ ಮಾಡಿಕೊಳ್ಳಬೇಕು ಎಂದು ವಿಧಾನ ತಿಳಿಸಿದ.

ಆ ಕೆಲಸಕ್ಕೆ ಚೆಲುವಯ್ಯನೇ ಜೊತೆಗೆ ಬಂದ. ಇಬ್ಬರೂ ಒಂದು ಹಲಗೆಗೆ ಸುಣ್ಣ ಬಳಿದು, ನಡುವೆ ಇದ್ದಿಲಿನ ಬೊಟ್ಟಿಟ್ಟು, ಮಣ್ಣಿನ ದಿಬ್ಬಕ್ಕೆ ಒರಗಿಸಿದರು. ಬೆಟ್ಟೇಗೌಡ ಮರಳಿನ ಚೀಲದ ಮೇಲೆ ಕೋವಿಯನ್ನು ಮಲಗಿಸಿ ಹೊಡೆದ. ಗುಂಡು ಬೊಟ್ಟಿನ ಎಡಕ್ಕೆ ಬಿತ್ತು. ದುರ್ಬೀನಿನ ತಿರುಪು ತಿರುಗಿಸಿ ಮತ್ತೆ ಹೊಡೆದ. ಬಲಕ್ಕೆ ಬಿತ್ತು. ಮತ್ತೆ ತಿರುಗಿಸಿದ. ಈ ಸಲ ಹಲಗೆಗೇ ತಾಗಲಿಲ್ಲ. ಆಗ ಅಂಗಡಿಯವನು ಹೇಳಿದ್ದು ನೆನಪಿಗೆ ಬಂತು. ಒಂದು ಗುಂಡನ್ನು ನಂಬಿ ತಿರುಪು ಮುಟ್ಟಬಾರದು. ಮದ್ದಿನ ಅಳತೆ ಬದಲಿಸದೆ, ಪ್ರತಿ ಸಲವೂ ನಳಿಕೆ ಒರಸಿ, ಮೂರು ಗುಂಡು ಹೊಡೆದು, ಅವು ಎಲ್ಲಿ ಗುಂಪಾಗುತ್ತವೆ ಎಂದು ನೋಡಿ ಆಮೇಲೆ ತಿರುಗಿಸಬೇಕು. ಹಾಗೆಯೇ ಮಾಡಿದ. ಪ್ರತಿ ಈಡಿನ ನಂತರ ಕೋವಿಯನ್ನು ನೆಲಕ್ಕಿಟ್ಟು ಕೈಯೆತ್ತುತ್ತಿದ್ದ. ಮರೆಯಲ್ಲಿ ನಿಂತ ಚೆಲುವಯ್ಯ ಹೋಗಿ ತೂತಿನ ಸುತ್ತ ಇದ್ದಿಲಿನಿಂದ ಗುಂಡಗೆ ಬರೆದು ಬರುತ್ತಿದ್ದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ತೂತುಗಳು ಬೊಟ್ಟಿನ ಸುತ್ತ ಕೂಡಿಕೊಂಡವು. ಇಬ್ಬರೂ ಹಲಗೆಯ ಪಕ್ಕದಲ್ಲೇ ಕುಳಿತು ಬುತ್ತಿ ಬಿಚ್ಚಿ ಉಂಡರು.

ಅದೇ ವಾರ ಹೊಲದ ಅಂಚಿಗೆ ಬಂದ ದೊಡ್ಡ ಹಂದಿಯೊಂದು ಒಂದೇ ಈಡಿಗೆ ನಿಂತಲ್ಲೇ ಬಿತ್ತು. ಹಿಂಡು ಆ ಕಡೆ ಬರುವುದನ್ನು ಬಿಟ್ಟಿತು. ಬೆಟ್ಟೇಗೌಡ ಮಾತ್ರ ದಿನವೂ ಸಂಜೆ ಹೊಲ ಕಾಯುವ ಅಟ್ಟಣೆ ಹತ್ತಿ ಕೂರುವುದನ್ನು ಬಿಡಲಿಲ್ಲ.

ಕೆಲಸವಿಲ್ಲದ ಕಣ್ಣು ಎಷ್ಟು ಹೊತ್ತು ಸುಮ್ಮನಿರುತ್ತದೆ? ಅವನು ಕೋವಿಯನ್ನು ಹೆಗಲಿಗೆ ಕೊಟ್ಟು ದುರ್ಬೀನಿನಲ್ಲಿ ಕಾಡಿನ ಅಂಚು ನೋಡಿದ. ಮರದ ಮೇಲಿನ ಹದ್ದಿನ ಗೂಡು ನೋಡಿದ. ಹಳ್ಳಕ್ಕೆ ನೀರು ಕುಡಿಯಲು ಬಂದ ನವಿಲು ನೋಡಿದ. ಹಾಗೆ ನೋಡುತ್ತ ನೋಡುತ್ತ ಒಂದು ದಿನ ಆಚೆ ದಿಣ್ಣೆಯನ್ನು ನೋಡಿದ. ಚೆಲುವಯ್ಯ ಕೈಗೆ ಸಿಗುವಷ್ಟು ಹತ್ತಿರ ಬಂದು ನಿಂತಂತಾಯಿತು. ಅವನು ಬೀಡಿ ಹಚ್ಚುವುದು, ತಲೆವಸ್ತ್ರ ಬಿಚ್ಚಿ ಬೆವರು ಒರಸಿಕೊಳ್ಳುವುದು ಎಲ್ಲವೂ ಕಂಡಿತು. ಬೆಟ್ಟೇಗೌಡನಿಗೆ ಖುಷಿಯಾಯಿತು. ಅವನು ಎಚ್ಚರದ ಮನುಷ್ಯ. ಹಂದಿ ಕಾಣುವ ತನಕ ಕೇಪು ಸಿಕ್ಕಿಸುತ್ತಿರಲಿಲ್ಲ. ಅದು ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಆದ್ದರಿಂದ ಅವನ ಮನಸ್ಸಿನಲ್ಲಿ ಯಾವ ಅಳುಕೂ ಇರಲಿಲ್ಲ.

ಒಂದು ದಿನ ಬೆಟ್ಟೇಗೌಡನ ಹೊಲದಲ್ಲಿ ಗೆಣಸು ಕೀಳುವ ಕೆಲಸವಿತ್ತು. ಸೊಂಟ ಹಿಡಿದಿದೆ, ಮುಯ್ಯಿಗೆ ಬರಲಾಗುವುದಿಲ್ಲ ಎಂದು ಚೆಲುವಯ್ಯ ಬೆಳಗ್ಗೆಯೇ ಹೇಳಿಕಳಿಸಿದ. ಸಂಜೆ ಅಟ್ಟಣೆಯ ಮೇಲಿಂದ ನೋಡಿದರೆ ಅದೇ ಚೆಲುವಯ್ಯ ದಪ್ಪ ದಪ್ಪ ಕಲ್ಲು ಹೊತ್ತು ತನ್ನ ಹೊಲದ ಬದು ಕಟ್ಟುತ್ತಿದ್ದ. ಇನ್ನೊಂದು ದಿನ ಸಾಕಮ್ಮ ಹಳ್ಳ ದಾಟಿ ಬಂದು ಈಚೆ ದಡದ ಹುಲ್ಲನ್ನು ಕೊಯ್ದು ಹೊರೆ ಕಟ್ಟಿಕೊಂಡು ಹೋದಳು. ಕೇಳಿದ್ದರೆ ಬೆಟ್ಟೇಗೌಡ ಬೇಡವೆನ್ನುತ್ತಿರಲಿಲ್ಲ. ಕೇಳಲಿಲ್ಲವಲ್ಲ ಎಂಬುದು ಅವನ ಮನಸ್ಸಿನಲ್ಲಿ ಉಳಿಯಿತು.

ಇದನ್ನೆಲ್ಲ ಅವನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳದೆ ಇರುವುದು ತನ್ನ ದೊಡ್ಡತನ ಎಂದುಕೊಂಡ. ಆದರೆ ಸಂಜೆಯಾದರೆ ಅಟ್ಟಣೆ ಹತ್ತಲು ಕಾಲುಗಳು ತಾವಾಗಿಯೇ ಅವಸರ ಮಾಡುತ್ತಿದ್ದವು. ಹತ್ತಿದ ಮೇಲೆ ಕೋವಿ ಕಾಡಿನ ಕಡೆಗೆ ತಿರುಗುತ್ತಿದ್ದುದು ಕಡಿಮೆ. ಸಾಕಮ್ಮ ಸೊಪ್ಪು ಕಳಿಸಿದರೆ, ಇದು ಯಾವ ತಪ್ಪನ್ನು ಮುಚ್ಚಲು ಎಂದು ಲೆಕ್ಕ ಹಾಕುತ್ತಿದ್ದ. ಚೆಲುವಯ್ಯ ಎದುರು ಬಂದು ನಕ್ಕರೆ, ಅವನ ನಗುವನ್ನು ಬಿಟ್ಟು ಸೊಂಟವನ್ನು ನೋಡುತ್ತಿದ್ದ.

ಹೀಗಿರುವಾಗ ಒಂದು ಸಂಜೆ ಹೊತ್ತು ಮುಳುಗಲು ಬಂದಿತ್ತು. ಬೆಟ್ಟೇಗೌಡ ಎಂದಿನಂತೆ ಕೋವಿಯನ್ನು ಹೆಗಲಿಗೆ ಕೊಟ್ಟು ಆಚೆ ನೋಡುತ್ತಿದ್ದ. ಚೆಲುವಯ್ಯ ಗುದ್ದಲಿ ಹಿಡಿದು ಕೆಲಸ ಮಾಡುತ್ತಿದ್ದ. ಇಳಿಬಿಸಿಲು ದುರ್ಬೀನಿನ ಗಾಜಿಗೆ ಬಿದ್ದು ಫಳ್ ಎಂದಿರಬೇಕು. ಚೆಲುವಯ್ಯ ಬಗ್ಗಿದವನು ನೆಟ್ಟಗಾದ. ಕಣ್ಣಿಗೆ ಕೈ ಅಡ್ಡ ಹಿಡಿದು ಈ ಕಡೆ ನೋಡಿದ. ದುರ್ಬೀನಿನೊಳಗೆ ಗುರಿಯ ಅಡ್ಡಗೆರೆ ಉದ್ದಗೆರೆ ಕೂಡುವ ಕಡೆ ಅವನ ಮುಖ ಬಂದು ನಿಂತಿತು. ಬೆಟ್ಟೇಗೌಡ ಚಿಕ್ಕಂದಿನಿಂದ ಬಲ್ಲ ಮುಖ ಅದು. ಅದರಲ್ಲಿ ಅಂಥ ಭಯವನ್ನು ಅವನು ಎಂದೂ ಕಂಡಿರಲಿಲ್ಲ. ಸಾಕಮ್ಮ ನೀರಿನ ಚೊಂಬು ಹಿಡಿದು ಗಂಡನ ಕಡೆಗೆ ಬರುತ್ತಿದ್ದಳು. ಚೆಲುವಯ್ಯ ಗುದ್ದಲಿಯನ್ನು ಮೆಲ್ಲಗೆ ಕೆಳಗೆ ಬಿಟ್ಟು, ಹೆಂಡತಿಗೆ ಅಡ್ಡವಾಗಿ ನಿಂತು, ಎರಡೂ ತೋಳುಗಳನ್ನು ಅಗಲಿಸಿದ.

ಬೆಟ್ಟೇಗೌಡ ದುರ್ಬೀನಿನಿಂದ ಕಣ್ಣು ತೆಗೆದ. ಕೋವಿಯನ್ನು ಅಟ್ಟಣೆಯ ಮೇಲೆ ಮಲಗಿಸಿ ಇಳಿದು, ಹಳ್ಳ ದಾಟಿ ಓಡಿದ. ಅವನು ಹೋಗುವಷ್ಟರಲ್ಲಿ ಗಂಡಹೆಂಡತಿ ಮನೆ ಸೇರಿದ್ದರು. ಚೆಲುವಯ್ಯ ಹೊಸ್ತಿಲ ಹೊರಗೆ ಬಂದು ನಿಂತ. ಸಾಕಮ್ಮ ಒಳಗೇ ಉಳಿದಳು.

"ಕೇಪು ಹಾಕಿರಲಿಲ್ಲ ಕಣೋ ಚೆಲುವ. ನೋಡು, ಜೇಬಿನಲ್ಲೇ ಇದೆ. ಸುಮ್ಮನೆ ನೋಡುತ್ತಿದ್ದೆ" ಎಂದು ಬೆಟ್ಟೇಗೌಡ ಕೇಪು ತೆಗೆದು ಅಂಗೈ ಚಾಚಿದ.

ಚೆಲುವಯ್ಯ ಅಂಗೈಯನ್ನು ನೋಡಿದ. ಆಮೇಲೆ ಅವನ ಮುಖ ನೋಡಿದ.

"ಎಷ್ಟು ದಿನದಿಂದ ನೋಡುತ್ತಿದ್ದೀಯಣ್ಣ?"

ಉತ್ತರ ಸಿಗದವನು ಹಳೆಯದನ್ನು ಕೆದಕುತ್ತಾನೆ. ಸೊಂಟ ಹಿಡಿದಿದೆ ಎಂದು ಹೇಳಿಕಳಿಸಿ ಕಲ್ಲು ಹೊತ್ತದ್ದನ್ನು ಕಂಡೆ ಎಂದು ಬೆಟ್ಟೇಗೌಡ ಹೇಳಿಬಿಟ್ಟ. ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ಸಣ್ಣದು ಎಂದು ಅವನಿಗೇ ಅನ್ನಿಸಿತು.

"ಹೌದಣ್ಣ, ಸುಳ್ಳು ಹೇಳಿದೆ" ಎಂದ ಚೆಲುವಯ್ಯ. "ಬದು ಒಡೆದಿತ್ತು. ಮಳೆ ಬಂದಿದ್ದರೆ ಹೊಲದ ಮಣ್ಣೆಲ್ಲ ಹಳ್ಳಕ್ಕೆ ಹೋಗುತ್ತಿತ್ತು. ನಿನ್ನ ಕೆಲಸ ಬಿಟ್ಟು ನನ್ನದು ಮಾಡಿಕೊಳ್ಳುತ್ತೇನೆ ಎನ್ನಲು ನಾಚಿಕೆಯಾಯಿತು. ಹಳ್ಳ ದಾಟಿ ಬಂದು ಕೇಳಿದ್ದರೆ ಹೇಳಿಬಿಡುತ್ತಿದ್ದೆ."

ಜಗಳವಾಗಲಿಲ್ಲ. ಚೆಲುವಯ್ಯ ಪಂಚಾಯಿತಿಗೆ ಹೋಗಲಿಲ್ಲ, ಊರಿಗೆ ಹೇಳಲಿಲ್ಲ. ಮರುದಿನವೇ ಬೆಟ್ಟೇಗೌಡ ಅಟ್ಟಣೆಯನ್ನು ಕಿತ್ತ. ಕಾಡಿನ ಕಡೆಗೆ ಮಾತ್ರ ಬಾಯಿ ಇರುವಂತೆ ಬೇರೆ ಅಟ್ಟಣೆ ಕಟ್ಟಿದ. ಹಳ್ಳದ ಕಡೆಗೆ ಬಿದಿರ ತಟ್ಟಿಯ ಗೋಡೆ ಎತ್ತಿದ. ಅಲ್ಲಿ ಕುಳಿತು ಕೋವಿಯನ್ನು ಆಚೆ ದಿಣ್ಣೆಗೆ ತಿರುಗಿಸಬೇಕೆಂದರೂ ಆಗುತ್ತಿರಲಿಲ್ಲ. ಚೆಲುವಯ್ಯನನ್ನು ಕರೆದು ತೋರಿಸಿದ. ಚೆಲುವಯ್ಯ ಒಳಗೆ ಕುಳಿತು ನೋಡಿ, ತಟ್ಟಿಯನ್ನು ತಟ್ಟಿ, ಒಳ್ಳೆಯದಾಯಿತು ಎಂದ. ರಾಗಿ ಕೊಯ್ಲಿಗೆ ಮುಯ್ಯಾಳಾಗಿ ಬಂದ. ಇಬ್ಬರೂ ಒಂದೇ ಸಾಲು ಹಿಡಿದು ಕೊಯ್ದರು. ಸಾಕಮ್ಮ ಮತ್ತೆ ಮಜ್ಜಿಗೆ ಕೊಟ್ಟಳು.

ಆ ಕೊಯ್ಲು ಮುಗಿದ ಮೇಲೆ ಒಂದು ಸಂಜೆ ಬೆಟ್ಟೇಗೌಡ ತನ್ನ ಹೊಲದ ಬದುವಿನ ಮೇಲೆ ಬರಿಗೈಯಲ್ಲಿ ನಿಂತಿದ್ದ. ಆಚೆ ದಿಣ್ಣೆಯಲ್ಲಿ ಚೆಲುವಯ್ಯ ಸೌದೆ ಆಯುತ್ತಿದ್ದ. ಮೋಡ ಹೇಗಿದೆ ಎಂದು ನೋಡಲು ಬೆಟ್ಟೇಗೌಡ ಕೈಯೆತ್ತಿ ಕಣ್ಣಿಗೆ ಅಡ್ಡ ಹಿಡಿದ. ಚೆಲುವಯ್ಯ ತಟ್ಟನೆ ಹೊಂಗೆ ಮರದ ಹಿಂದಕ್ಕೆ ಸರಿದ. ಸರಿದದ್ದು ಅವನಿಗೇ ಗೊತ್ತಾಗಿರಲಿಲ್ಲ. ಗೊತ್ತಾದ ಮೇಲೆ ನಾಚಿಕೆಪಟ್ಟು ಹೊರಗೆ ಬಂದ. ದೂರದಿಂದಲೇ ಕೈ ಬೀಸಿದ. ಬೆಟ್ಟೇಗೌಡನೂ ಬೀಸಿದ. ಆಮೇಲೆ ಬದುವಿನ ಮೇಲೆ ಕುಳಿತುಕೊಂಡ. ಕತ್ತಲಾಗುವ ತನಕ ಎದ್ದು ಮನೆಗೆ ಹೋಗಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಕತೆ ಶಿಷ್ಯನಿಗೆ ಅರ್ಥವಾಗಿತ್ತು. ಆದರೂ ತನಗೆ ಅದು ಪೂರ್ತಿ ಹೊಂದುವುದಿಲ್ಲ ಎನ್ನಿಸಿತು.

"ಗುರುಗಳೇ, ಬೆಟ್ಟೇಗೌಡನ ಕೈಯಲ್ಲಿ ಕೋವಿಯಿತ್ತು. ನನ್ನ ಕೈಯಲ್ಲಿ ಏನಿದೆ? ನನ್ನನ್ನು ಕಂಡು ಯಾರು ಹೆದರಬೇಕು?" ಎಂದ.

ಗುರುಗಳು ಸುಲಿದ ಕಾಳನ್ನು ಮೊರದಲ್ಲಿ ಒಟ್ಟು ಮಾಡಿ, ಮೊರವನ್ನು ಎತ್ತಿಕೊಂಡು ಎದ್ದರು.

"ನಿನ್ನ ಎದುರು ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದ ಆ ಹೊಸ ಶಿಷ್ಯ ಈಚೆಗೆ ಕಂಬದ ಮರೆಗೆ ಎಲೆ ಹಾಕಿಕೊಳ್ಳುತ್ತಿದ್ದಾನೆ, ಅದೊಂದು ಮಾತ್ರ ನಿನ್ನ ಕಣ್ಣಿಗೆ ಬೀಳಲಿಲ್ಲವೇ?"