ಎರಡನೆಯ ಕೆಂಪು ದಾರ

“ಸಿರಿಹೊಳಲಿನ ಪ್ರಜೆಗಳೆಲ್ಲ ಕೇಳಿ! ಅರಮನೆಯ ಗಾಯಶಾಲೆಯಲ್ಲಿ ಒಬ್ಬ ರೋಗಿಗೆ ಒಂದು ದಿನ ಎಷ್ಟೇ ಆರೈಕೆ ಮಾಡಿದರೂ ಕೂಲಿ ಒಂದೇ. ಎರಡನೆಯದು ಬೇರೆಯೇ ಕೆಲಸವಾದರೆ ಮಾತ್ರ ರೋಗಿಯ ಗುರುತಿನ ಬಿಲ್ಲೆಗೆ ಕೆಂಪು ದಾರ ಕಟ್ಟಿ ಇನ್ನೊಂದು ಕೂಲಿ ಕೇಳಬಹುದು. ಗಾಯ ಹೊಲಿಯುವ ಮಾಳವ್ವ ಸುಳ್ಳು ದಾರ ಕಟ್ಟಿದಳೆಂದು ಸೆರೆಯಲ್ಲಿದ್ದಾಳೆ. ದಾರದ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ಅವಳಿಗೂ ಬಿಡುಗಡೆ. ತಪ್ಪಿದವರಿಗೆ ತಲೆ ಇಲ್ಲ!”

ಡಂಗುರ ಕೇಳಿ ಮೂವರು ಬಂದರು. ಒಬ್ಬ ಸರದಾರನ ಮಗ, ಒಬ್ಬ ಜ್ಯೋತಿಷಿ. ಮೂರನೆಯವನು ಮಾಳವ್ವನ ಮಗ ಸಣ್ಣೀರ, ಗಾಯಶಾಲೆಯಲ್ಲಿ ನೀರು ಕಾಯಿಸುವವನು. ಅರಸನಿದ್ದ ಕೋಣೆಯೊಳಗೆ ಹೋದದ್ದೇ ತಡ, ಹೊರಗಿನಿಂದ ಅಗುಳಿ ಬಿತ್ತು. ಗೋಡೆಯಲ್ಲಿದ್ದ ಕಿಂಡಿ ಬೆಕ್ಕಿಗೂ ಸಾಲದು. ತಳವಾರ ಬಾಗಿಲಿಗೊರಗಿ ಕತ್ತಿ ಮಸೆಯುತ್ತಿದ್ದ. ಸಣ್ಣೀರನಿಗೆ ಉಸಿರು ಕಟ್ಟಿದಂತಾಯಿತು.

ಅರಸ ಶಾಲು ಹೊದ್ದು ಕುಳಿತಿದ್ದ. ಕೈ ಹೊರಗೆ ಕಾಣುತ್ತಿರಲಿಲ್ಲ. “ಮೈ ಒಂದು, ದಿನ ಒಂದು, ಮದ್ದು ಹಾಕಿದ ಕೈಯೂ ಒಂದು. ಕೂಲಿ ಮಾತ್ರ ಎರಡು. ಏಕೆ?”

“ರೋಗಿ ಸಿರಿವಂತ, ಅದಕ್ಕೆ!” ಎಂದ ಸರದಾರನ ಮಗ. ತಳವಾರ ಅವನ ರಟ್ಟೆ ಹಿಡಿದು ಗೋಡೆಗೆ ನಿಲ್ಲಿಸಿದ.

“ಗಾಯದ ಜಾಗ ಬೇರೆ ಪ್ರಭು,” ಎಂದ ಜ್ಯೋತಿಷಿ. “ಅಂಗಾಲಿನ ಮುಳ್ಳು ಬೇರೆ, ಹೆಗಲ ಕುರು ಬೇರೆ.”

ಅರಸ ತಲೆದೂಗಿದ. “ಸರಿ. ಒಂದೇ ಗಾಯವನ್ನು ತೊಳೆದಳು, ಒರೆಸಿದಳು, ಹೊಲಿದಳು. ಕೆಲಸ ಮೂರಾದರೂ ಕೂಲಿ ಒಂದೇ. ಏಕೆ?”

ಜ್ಯೋತಿಷಿ ಬೆರಳೆಣಿಸಿ, “ಗ್ರಹಬಲ ಸಾಲದು, ಪ್ರಭು,” ಎಂದ. ಅವನೂ ಗೋಡೆ ಸೇರಿದ.

ಉಳಿದವನು ಸಣ್ಣೀರ ಒಬ್ಬನೇ. “ತೊಳೀದೆ ಯಾರೂ ಹೊಲಿಯಲ್ಲ ಬುದ್ಧಿ. ಅನ್ನ ಮಾಡ್ದೋರು ಅಕ್ಕಿ ತೊಳೆದಿದ್ದಕ್ಕೆ ಬೇರೆ ಕೂಲಿ ಕೇಳ್ತಾರಾ?”

“ಭಲೆ! ಕೊನೆಯದು. ಮೈ ಒಂದು, ದಿನ ಒಂದು, ಕೈ ಒಂದು. ಗಾಯವಾದದ್ದೂ ಅದೇ ಬೆರಳಿಗೆ. ಆದರೂ ಎರಡು ಕೂಲಿ ನ್ಯಾಯ. ಹೇಗೆ?”

ಅವ್ವನನ್ನು ಸೆರೆಗೆ ನೂಕಿದ್ದು ಇದೇ ಲೆಕ್ಕ. ಕೇಳುವ ಭರದಲ್ಲಿ ಅರಸನ ಶಾಲು ಜಾರಿತು. ಬೆರಳಿಗೊಂದು ಪಟ್ಟಿ, ಅದರ ಮೇಲೆ ಅವ್ವ ಮಾತ್ರ ಹಾಕುವ ಅಡ್ಡಗಂಟು. ಸಣ್ಣೀರನಿಗೆ ಎಲ್ಲ ಹೊಳೆಯಿತು. ಅಂದು ತಾನು ನೀರು ಕಾಯಿಸುತ್ತಿದ್ದಾಗ ಕಂಬಳಿ ಮುಸುಕು ಹಾಕಿಕೊಂಡು ಬೆಳಿಗ್ಗೆ ಬಂದು, ಸಂಜೆ ಸಾಕಿದ ಗಿಣಿಯಿಂದ ಅದೇ ಬೆರಳು ಕಚ್ಚಿಸಿಕೊಂಡೆನೆಂದು ಮತ್ತೆ ಬಂದವನು ಈ ಮಹಾರಾಯನೇ! ಗಿಣಿಗೆ ಸೋತೆನೆಂದು ಹೇಳಲಾರದೆ, ನಿರಪರಾಧಿಯನ್ನು ಬಿಡಿಸದಿರಲೂ ಆಗದೆ, ಒಗಟಿನ ನೆಪ ಹೂಡಿದ್ದಾನೆ. ಹೇಳಿದರೆ ಅರಸನ ಮಾನ ಹೋಗುತ್ತದೆ, ಜೊತೆಗೆ ತನ್ನ ತಲೆಯೂ. ಸುಮ್ಮನಿದ್ದರೆ ಅವ್ವ ಕತ್ತಲಲ್ಲೇ ಕೊಳೆಯುತ್ತಾಳೆ. ಅತ್ತ ದರಿ, ಇತ್ತ ಪುಲಿ.

“ರೋಗಿ ಹೋಗಿ, ಹೊಸ ಗಾಯ ಮಾಡ್ಕೊಂಡು ಮತ್ತೆ ಬಂದ ಬುದ್ಧಿ,” ಎಂದ ಸಣ್ಣೀರ. “ಬೆಳಿಗ್ಗೆ ಕತ್ತಿ ತಾಗಿತ್ತು. ಸಂಜೆಯದು ಬೇರೆ ಗಾಯ, ಬೇರೆ ಹೊಲಿಗೆ. ಅವ್ವನ ದಾರ ಸುಳ್ಳಲ್ಲ.”

ಅರಸನ ಪಕ್ಕದಲ್ಲಿ ಕುಳಿತಿದ್ದ ಬೊಕ್ಕಸದ ಅಧಿಕಾರಿ, ಅವಳನ್ನು ಸೆರೆಗೆ ಹಾಕಿಸಿದವನು, ಎದ್ದು ನಿಂತ. “ಸಾಕ್ಷಿ ಏನು? ಆ ರೋಗಿ ಯಾರು, ಹೇಳು!”

ಅರಸನ ಮುಖ ಬಿಳಿಚಿತು.

“ಅದು ನಾಕನೇ ಒಗಟು ಸ್ವಾಮಿ,” ಎಂದ ಸಣ್ಣೀರ. “ಡಂಗುರ ಸಾರಿದ್ದು ಮೂರಕ್ಕೇ.”

ಅರಸ ಬಿದ್ದು ಬಿದ್ದು ನಕ್ಕ. “ಹೌದು, ಮೂರೇ! ಏನು ಬೇಕು, ಕೇಳು.”

“ಗೋಡೆಗೆ ನಿಂತವರ ತಲೆ ಉಳೀಲಿ. ಆಮೇಲೆ ಆ ಬಾಗಿಲು ತೆಗೆಸಿ ಬುದ್ಧಿ, ಉಸಿರಾಡ್ಬೇಕು.”

ಬಾಗಿಲು ತೆರೆಯಿತು. ಅಂಗಳದಲ್ಲಿ ಸೆರೆಯಿಂದ ಬಂದ ಮಾಳವ್ವನನ್ನು ಸಣ್ಣೀರ ಅಪ್ಪಿಕೊಂಡು ಅತ್ತ. ಅದನ್ನು ನೋಡಿ ಅರಸನಿಗೆ ನಿಜಕ್ಕೂ ನಾಚಿಕೆಯಾಯಿತು. ಎಲ್ಲರೆದುರು ಅವಳ ಮುಂದೆ ಬೆರಳು ಚಾಚಿದ. ಅವಳು ಕತ್ತಲಿಂದ ಬಂದವಳು, ಬೆಳಕಿಗೆ ಕಣ್ಣೆತ್ತಿ ಮುಖ ನೋಡಲಿಲ್ಲ, ಬೆರಳನ್ನಷ್ಟೇ ನೋಡಿದಳು.

“ಗಿಣಿ ಪಂಜರಕ್ಕೆ ಮತ್ತೆ ಕೈ ಹಾಕಿದ್ಯಾ, ಮಗಾ?”

“ಇಲ್ಲ ತಾಯಿ, ಇನ್ನು ಹಾಕುವುದಿಲ್ಲ,” ಎಂದ ಅರಸ.

ಅವಳು ಹಳೆಯ ಪಟ್ಟಿ ಬಿಚ್ಚಿ ಹೊಸದು ಸುತ್ತಿದಳು. ಬೊಕ್ಕಸದ ಅಧಿಕಾರಿ ತಲೆ ತಗ್ಗಿಸಿ, ತಾನೇ ಒಂದೆಳೆ ಕೆಂಪು ದಾರ ಮುಂದೆ ಹಿಡಿದ.

ಮಾಳವ್ವ ಅವನ ಕೈಯನ್ನು ಪಕ್ಕಕ್ಕೆ ಸರಿಸಿದಳು. “ಬರೀ ಪಟ್ಟಿ ಬದಲಾಯಿಸಿದ್ದಕ್ಕೆ ದಾರ ಯಾಕೆ ಸ್ವಾಮಿ? ಅದು ಹೊಲಿಗೆ ಕೂಲೀಲೇ ಬಂತು.”