ಎದುರಂಗಡಿಯ ಸೆಲ್ಫಿ

ತಿಪಟೂರಿನ ಪುಟ್ಟನಂಜಪ್ಪನವರ ಪಾತ್ರೆ ಅಂಗಡಿಯ ಎದುರಿಗೇ ಇನ್ನೊಂದು ಪಾತ್ರೆ ಅಂಗಡಿ ಬಂತು. ಉದ್ಘಾಟನೆಗೆ ಟಿ.ವಿ. ನಟಿ ಬರುತ್ತಾಳಂತೆ ಎಂದು ತಿಳಿದದ್ದೇ ತಡ, ಅವರು ಕೆಲಸದ ಜಯಶೀಲಳ ಮೇಲೆ ಹಾರಾಡಿದರು.

“ಆ ನಟಿಯ ಇನ್‌ಸ್ಟಾಗ್ರಾಂನಲ್ಲಿ ನಮ್ಮ ಅಂಗಡಿ ಬರಬೇಕು. ನಾನು ಬಿಡಿಗಾಸೂ ಬಿಚ್ಚಲ್ಲ. ಬರಲಿಲ್ಲ ಅಂದ್ರೆ ನಾಳೆಯಿಂದ ನೀನೂ ಬರಬೇಡ!”

“ಆಗ್ಲಿ ಯಜಮಾನ್ರೇ” ಎಂದ ಜಯಶೀಲ ಹಳೆಯ ಬ್ಯಾನರಿನ ಹಿಂಬದಿಗೆ ದಪ್ಪಕ್ಷರದಲ್ಲಿ ಬರೆದು ಮಹಡಿಯಿಂದ ಇಳಿಬಿಟ್ಟಳು: ‘ಅಲ್ಲಿ ನೋಡಿದ್ದಾಯ್ತಲ್ಲ, ಕೊಳ್ಳೋಕೆ ಇಲ್ಲಿ ಬನ್ನಿ. ಪುಟ್ಟನಂಜಪ್ಪ ಪಾತ್ರೆ ಅಂಗಡಿ.’

ಉದ್ಘಾಟನೆಯ ದಿನ ಜನವೆಲ್ಲ ಬ್ಯಾನರಿಗೆ ಬೆನ್ನು ಹಾಕಿ ನಟಿಯನ್ನೇ ನೋಡುತ್ತಿದ್ದರು.

“ಮುಗೀತು ನಿನ್ನ ಕಥೆ” ಎಂದರು ಪುಟ್ಟನಂಜಪ್ಪ.

ಅಷ್ಟರಲ್ಲಿ ಎದುರಂಗಡಿಯ ಮೆಟ್ಟಿಲ ಮೇಲಿದ್ದ ನಟಿ ಜನರಿಗೆ ಬೆನ್ನು ತಿರುಗಿಸಿ, ಫೋನ್ ಎತ್ತಿ, ಎಲ್ಲರೂ ಕಾಣುವಂತೆ ಸೆಲ್ಫಿ ತೆಗೆದಳು. ಅವಳ ಹಿಂದೆ ಜನ, ಜನರ ಹಿಂದೆ ಜಯಶೀಲಳ ಬ್ಯಾನರು! ಅವಳು ಇನ್‌ಸ್ಟಾಗ್ರಾಂಗೆ ಹಾಕಿದ ಆ ಫೋಟೋ ಕ್ಷಣದಲ್ಲೇ ಊರವರ ಫೋನುಗಳಲ್ಲೆಲ್ಲ ಹರಿದಾಡಿತು.

ಸ್ವಲ್ಪ ಹೊತ್ತಿಗೆ ಎದುರಂಗಡಿಯ ಮಾಲೀಕರು ಏದುಸಿರು ಬಿಡುತ್ತ ಓಡಿಬಂದರು.

“ನಟೀನ ಕರೆಸಿದ್ದು ನಾನು, ಪ್ರಚಾರ ನಿಮಗಾ? ಇಳಿಸಿ ಅದನ್ನ!”

“ಇಳಿಸ್ತೀವಿ ಸಾರ್, ಸ್ವಲ್ಪ ಮೆಲ್ಲಗೆ ಮಾತಾಡಿ” ಎಂದಳು ಜಯಶೀಲ. “ಮೇಡಂ ಬ್ಯಾನರ್ ಓದ್ಕೊಂಡು ಬಂದು, ಒಳಗೆ ಇಡ್ಲಿ ಪಾತ್ರೆ ಆರಿಸ್ತಾ ಇದ್ದಾರೆ.”